ಒಂಬತ್ತನೆಯ ಮರದ ಚೀಲಗಳು

ಮಾರ್ಚ್ 1

ನಿಯಮ ಮೂರು: ಚಳಿಗಾಲದ ಅಲಂಕಾರಗಳನ್ನು ಮಾರ್ಚ್ ಒಂದರೊಳಗೆ ಸಮಾಧಿಗಳಿಂದ ತೆಗೆಯತಕ್ಕದ್ದು, ತೆಗೆಯದಿದ್ದರೆ ಸ್ಮಶಾನದ ಮೇಲ್ವಿಚಾರಕ ತೆಗೆದು ಎಸೆಯುತ್ತಾನೆ. ಗೇಟಿನ ಫಲಕದ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆದಿದೆ. ಬರೆದವನೂ ನಾನೇ, ಮೇಲ್ವಿಚಾರಕನೂ ನಾನೇ. ಮೂವತ್ತೊಂದು ವರ್ಷ ಈ ಊರಿನ ಶಾಲಾ ಬಸ್ಸು ಓಡಿಸಿದವನಿಗೆ ಇಲ್ಲಿ ಮಲಗಿರುವವರನ್ನು ನೋಡಿಕೊಳ್ಳುವುದು ಸುಲಭವಾದೀತು ಎಂದುಕೊಂಡಿದ್ದೆ. ಮಲಗಿದವರದೇನೂ ತಕರಾರಿಲ್ಲ. ತಕರಾರೆಲ್ಲ ಅವರ ಮನೆಯವರದು.

ಇವತ್ತು ಹನ್ನೊಂದು ಮೂಟೆ ಕಸ. ಪ್ಲಾಸ್ಟಿಕ್ ಹೂ, ಮೂಗು ಮುರಿದ ಸಾಂಟಾ, ಬ್ಯಾಟರಿ ಮುಗಿಯದೆ ಇನ್ನೂ ಮಿನುಗುತ್ತಿದ್ದ ಒಂದು ಜಿಂಕೆ. ಗಸ್ ಶೆಲರ್‌ನ ಸಮಾಧಿಯ ಮೇಲೆ ಒಂದು ತಗಡಿನ ಬಾತುಕೋಳಿ. ಗಾಳಿ ಬೀಸಿದರೆ ಅದರ ರೆಕ್ಕೆಗಳು ಗಿರಗಿಟ್ಟಲೆಯಂತೆ ತಿರುಗಿ ಕಿರ್ರೋ ಎನ್ನುತ್ತವೆ. ಕಿತ್ತೆ. ಗಸ್‌ನ ಹೆಂಡತಿ ವರ್ಡಾಳ ಮನೆ ಸ್ಮಶಾನದ ಬೇಲಿಗೇ ಅಂಟಿಕೊಂಡಿದೆ. ಅವಳೂ ನಾನೂ ಒಂದೇ ತರಗತಿಯಲ್ಲಿ ಓದಿದವರು. ಬೇಲಿಯ ಹತ್ತಿರ ಬಂದು ನಿಂತಳು.

"ಅದು ಚಳಿಗಾಲದ್ದಲ್ಲ ಕಣೋ ಹಾರ್ಲನ್, ವರ್ಷಪೂರ್ತಿ ಇರೋದು!"

"ಹಾಗಿದ್ರೆ ನಿಯಮ ಐದು. ಸದ್ದು ಮಾಡೋ ವಸ್ತು ಇಡೋ ಹಾಗಿಲ್ಲ."

"ಬದುಕಿದ್ದಾಗ ಗಸ್ ಇದಕ್ಕಿಂತ ಜಾಸ್ತಿ ಸದ್ದು ಮಾಡ್ತಿದ್ದ. ಅವನನ್ನೂ ಅಗೆದು ಎಸೆದುಬಿಡು."

ಬಾತುಕೋಳಿಯನ್ನು ತಳ್ಳುಗಾಡಿಗೆ ಹಾಕಿದೆ. ಆಗ ಅವಳು ರಸ್ತೆಯಂಚಿನ ನಿತ್ಯಹಸಿರು ಥೂಜಾ ಮರಗಳ ಸಾಲಿನ ಕಡೆ ಗದ್ದ ಎತ್ತಿ, "ಒಂಬತ್ತನೇ ಮರದ ಮೇಲೆ ತೂಗ್ತಾ ಇರೋ ಆ ಕ್ರಿಸ್‌ಮಸ್ ಹಾರ?" ಎಂದಳು.

"ಅದಿರೋದು ಮರದ ಮೇಲೆ. ನಿಯಮ ಸಮಾಧಿಗಳಿಗೆ."

ಅವಳು ನನ್ನನ್ನೇ ನೋಡಿದಳು, ಮಾತಿಲ್ಲದೆ ಒಳಗೆ ಹೋದಳು. ಅರವತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಿ ಮುಚ್ಚಿಸಿದ್ದೇನೆ.

ಮೇ 26

ಊರೆಲ್ಲ ಸಮಾಧಿ ಸಿಂಗರಿಸುವ ದಿನ. ಮುನ್ನೂರು ಜನ, ನಲವತ್ತು ನಾಯಿ. ಒಬ್ಬಳು ಹಾಡ್ಲಿ ಕುಟುಂಬದ ಕಲ್ಲಿನ ಮೇಲೆ ಕಾಫಿ ಲೋಟ ಇಟ್ಟು ಫೋಟೊ ತೆಗೆಸಿಕೊಂಡಳು. ಎಲ್ಲರೂ ಮರಗಳನ್ನು ಹೊಗಳಿದರು. ಹದಿನಾಲ್ಕು ಮರ, ಒಂದೊಂದೂ ಎರಡಾಳೆತ್ತರ, ಗೋಡೆಯ ಹಾಗೆ ಹಸಿರು. ಹೊಗಳಲಿ. ನೀರು ಹೊತ್ತವನು ನಾನು.

ಸೊಂಟ ಹಿಡಿದುಕೊಂಡಿದೆ.

ಜೂನ್ 5

ಹತ್ತನೆಯ ಮರಕ್ಕೆ ಏನೋ ಮೆತ್ತಿಕೊಂಡಿದೆ. ಕಂದು ಬಣ್ಣದ ಹೊಟ್ಟು, ಅಕ್ಕಿಕಾಳಿನಷ್ಟು, ಎಲೆಯ ತುದಿಯಲ್ಲೆಲ್ಲ ನೆಟ್ಟಗೆ ನಿಂತಿದೆ. ಹುಲ್ಲು ಕತ್ತರಿಸುವ ಯಂತ್ರದಿಂದ ಹಾರಿದ ಕಸವಿರಬೇಕೆಂದು ಕೊಡವಿದೆ. ವರ್ಡಾ ಯಾವಾಗ ಬಂದು ನನ್ನ ಹಿಂದೆ ನಿಂತಿದ್ದಳೋ.

"ಆ ಕಸ ನಡೀತಾ ಇದೆ ನೋಡು," ಎಂದಳು.

ಕನ್ನಡಕ ಹಾಕಿ ನೋಡಿದೆ. ಹೌದು. ಪ್ರತಿಯೊಂದು ಹೊಟ್ಟಿನ ಕೆಳಗೂ ಒಂದು ಕಪ್ಪು ತಲೆ. ಮನೆಯನ್ನೇ ಬೆನ್ನ ಮೇಲೆ ಹೊತ್ತುಕೊಂಡು ಮೇಯುತ್ತಿವೆ. ಎಂಟರಲ್ಲೂ ಇವೆ, ಏಳರಲ್ಲೂ ಇವೆ. ಜಿಲ್ಲೆಯ ಕೃಷಿ ಸಲಹಾ ಕಚೇರಿಗೆ ಫೋನು ಮಾಡಿದೆ. ಹದಿನೇಳು ನಿಮಿಷ ಸಂಗೀತ ಕೇಳಿಸಿದರು.

ಜೂನ್ 6

ಸಲಹಾ ಕಚೇರಿಯಿಂದ ಬಂದದ್ದು ಕೊರಿನ್ ಬೇರ್ಡ್ ಎಂಬ ಹುಡುಗಿ. ಇಪ್ಪತ್ತೆಂಟು ಇರಬಹುದು, ಬೂಟಿನಲ್ಲಿ ಮಣ್ಣಿತ್ತು, ಅದೊಂದು ಒಳ್ಳೆಯದು. ಒಂದು ಹುಳುವನ್ನು ಉಗುರಿನ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡಿದಳು.

"ಚೀಲದ ಹುಳು, ಹಾರ್ಲನ್ ವಾಯ್ಲ್ಸ್ ಅವರೇ. ತಾನು ತಿನ್ನೋ ಎಲೆಯನ್ನೇ ರೇಷ್ಮೆ ನೂಲಲ್ಲಿ ಹೆಣೆದು ಚೀಲ ಮಾಡ್ಕೊಳ್ಳುತ್ತೆ. ನಿಮ್ಮ ಅದೃಷ್ಟ, ಇನ್ನೂ ಮರಿ. ಈಗ ಬ್ಯಾಕ್ಟೀರಿಯಾದ ಔಷಧ ಹೊಡೆದ್ರೆ ಹೊಟ್ಟೆ ಕೆಟ್ಟು ಸಾಯುತ್ತವೆ. ಆಗಸ್ಟ್ ಹೊತ್ತಿಗೆ ಹೆಬ್ಬೆರಳಷ್ಟಾಗುತ್ತವೆ. ಆಮೇಲೆ ಹೊಡೆದ್ರೆ ಅವಕ್ಕೆ ಸ್ನಾನ ಮಾಡಿಸಿದ ಹಾಗೆ, ಅಷ್ಟೇ."

"ಎಲೆ ತಿಂದ್ರೆ ತಿನ್ನಲಿ. ಮತ್ತೆ ಚಿಗುರಲ್ವಾ?"

"ಬೇರೆ ಮರ ಚಿಗುರುತ್ತೆ. ಥೂಜಾ ಚಿಗುರಲ್ಲ. ಬೋಳಾದ ಕೊಂಬೆ ಬೋಳೇ."

ನನಗೆ ಒಂಬತ್ತನೆಯ ಮರದ ಯೋಚನೆ ಬಂತು. ತೋರಿಸಿಕೊಳ್ಳಲಿಲ್ಲ.

ಇವು ಎಲ್ಲಿಂದ ಬಂದವು ಎಂದು ಅವಳೇ ಯೋಚಿಸಿದಳು. ಹೆಣ್ಣಿಗೆ ರೆಕ್ಕೆಯಿಲ್ಲವಂತೆ, ಬೆಳೆದ ಮೇಲೂ ತನ್ನ ಚೀಲ ಬಿಟ್ಟು ಹೊರಗೆ ಬರುವುದಿಲ್ಲವಂತೆ. ಹಳೆಯ ಚೀಲಗಳು ಹತ್ತಿರದಲ್ಲೇ ಎಲ್ಲೋ ಇರಬೇಕು, ಅದರೊಳಗಿನ ಮೊಟ್ಟೆ ಒಡೆದು ಮರಿಗಳು ನೂಲು ಬಿಟ್ಟುಕೊಂಡು ಗಾಳಿಯಲ್ಲಿ ತೇಲಿ ಬಂದಿರಬೇಕು ಎಂದಳು. ನಾನು ವರ್ಡಾಳ ಅಂಗಳದ ಮೂರು ಜುನಿಪರ್ ಮರಗಳತ್ತ ಬೆರಳು ಮಾಡಿದೆ.

"ಅವರ ಮನೆ ಒಂದನೇ ಮರದ ಕಡೆ ಇದೆ," ಎಂದಳು ಕೊರಿನ್. "ಅಲ್ಲಿಂದ ಬಂದಿದ್ರೆ ಒಂದನೇ ಮರಕ್ಕೇ ಹೆಚ್ಚು ಹತ್ತಬೇಕಿತ್ತು. ಇಲ್ಲಿ ಎಂಟು, ಒಂಬತ್ತು, ಹತ್ತರಲ್ಲೇ ಜಾಸ್ತಿ."

ಗಾಳಿ ಪುಸ್ತಕ ಓದಿಕೊಂಡು ಬೀಸುವುದಿಲ್ಲ ಎಂದೆ. ಸಮಾಧಿಗಳ ಕಡೆಯಿಂದಲೂ ನೋಡೋಣ ಎಂದಳು. ಆ ಕಡೆ ಹುಲ್ಲು ಒದ್ದೆಯಾಗಿದೆ ಎಂದು ರಸ್ತೆಯ ಕಡೆಯಿಂದಲೇ ಕಳಿಸಿದೆ.

ಜೂನ್ 9

ಔಷಧ ಹೊಡೆದೆ. ಬೆಳಗ್ಗೆ ಆರರಿಂದ ಹನ್ನೊಂದರವರೆಗೆ, ಬೆನ್ನ ಮೇಲೆ ಡಬ್ಬ ಹೊತ್ತು. ಒಂದರಿಂದ ಎಂಟು, ಹತ್ತರಿಂದ ಹದಿನಾಲ್ಕು.

ಒಂಬತ್ತು ಆಮೇಲೆ. ಹಾರಕ್ಕೆ ವೆಲ್ವೆಟ್ ರಿಬ್ಬನ್ ಇದೆ. ಔಷಧ ಬಿದ್ದರೆ ಕಲೆಯಾಗುತ್ತದೆ.

ಜೂನ್ 10

ರಾತ್ರಿಯೆಲ್ಲ ಮಳೆ. ಹೊಡೆದ ಔಷಧವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಜೂನ್ 13

ಮತ್ತೆ ಹೊಡೆದೆ. ಒಂಬತ್ತು ಬಿಟ್ಟು.

ವರ್ಡಾ ಬೇಲಿಯಾಚೆಯಿಂದ, "ಲೆಕ್ಕದಲ್ಲಿ ಎಂಟಾದ ಮೇಲೆ ಹತ್ತೇನೋ ಬರೋದು?" ಎಂದಳು. ಬೇರೆಯವರಿಗೆ ಬೇಸಿಗೆಯಲ್ಲಿ ಹೊಲ, ತೋಟ ಅಂತ ಕೆಲಸವಿರುತ್ತದೆ. ಇವಳಿಗೆ ನಾನೇ ಕೆಲಸ.

ಜೂನ್ 21

ಡ್ವೈಟ್ ಕೆಸೆನ್ಸ್ ಬಂದಿದ್ದ. ಊರಿನ ಸ್ಮಶಾನಗಳೆಲ್ಲ ಈಗ ಅವನ ಕೈಯಲ್ಲಿವೆ, ಚುನಾಯಿತ ಟ್ರಸ್ಟಿ. ನನ್ನ ಬಸ್ಸಿನ ಹಿಂದಿನ ಸೀಟಿಗೆ ಚ್ಯೂಯಿಂಗ್ ಗಮ್ ಅಂಟಿಸುತ್ತಿದ್ದವನು ಇವತ್ತು ಟೈ ಕಟ್ಟಿಕೊಂಡು ನನ್ನೆದುರು ನಿಂತು ಗಂಟಲು ಸರಿಮಾಡಿಕೊಂಡ.

"ಹಾರ್ಲನ್ ಅವ್ರೇ, ಬೇಜಾರು ಮಾಡ್ಕೋಬೇಡಿ. ಜನ ನಂಗೆ ಫೋನ್ ಮಾಡ್ತಿದ್ದಾರೆ. ಸೆಪ್ಟೆಂಬರ್ ಮೊದಲನೇ ಸೋಮವಾರ ಬಂದು ನೋಡ್ತೀನಿ. ಕಂದು ತಿರುಗಿದ ಮರ ಇರಲ್ಲ. ಇಡೀ ಸಾಲು ಹಾಳಾಗಿದ್ರೆ ಎಲ್ಲ ತೆಗೆಸಿ ತಂತಿ ಬೇಲಿ ಹಾಕಿಸ್ತೀನಿ."

"ತಂತಿ ಬೇಲಿ? ಇದೇನು ಕೋಳಿಫಾರಂ ಅಂದ್ಕೊಂಡಿದ್ದೀಯಾ?"

"ಕೋಳಿಫಾರಂಗೆ ಇಷ್ಟು ದೂರು ಬರಲ್ಲ ಬಿಡಿ."

ಬೇರೆ ಯಾವ ಮರ ಹೋದರೂ ಹೋಗಲಿ. ಒಂಬತ್ತು ಹೋಗಕೂಡದು. ಅದರ ಬುಡದಲ್ಲಿ ನನ್ನ ಹೆಂಡತಿ ಇದ್ದಾಳೆ. ಜಾಗ ಅವಳೇ ಆರಿಸಿದ್ದು, ಮಧ್ಯಾಹ್ನ ಪೂರ್ತಿ ನೆರಳು ಬೀಳುತ್ತದೆ ಎಂದು. ಬಿಸಿಲಿಗೆ ಅವಳ ಮೈ ಕೆಂಪಾಗುತ್ತಿತ್ತು. ನೆರಳಿಗೆ ನಾನು ಜವಾಬ್ದಾರ ಎಂದು ಮಾತು ಕೊಟ್ಟಿದ್ದೇನೆ. ಇದರ ಬಗ್ಗೆ ಇಷ್ಟು ಸಾಕು.

ಜುಲೈ 8

ಉಳಿದ ಮರಗಳಲ್ಲಿ ಹುಳು ಮುಕ್ಕಾಲು ಸತ್ತಿವೆ. ಎಂಟು, ಹತ್ತರಲ್ಲಿ ಮಾತ್ರ ದಿನಾ ಹೊಸದಾಗಿ ಬಂದು ಸೇರುತ್ತಿವೆ. ಇವತ್ತು ಆ ಎರಡರಿಂದ ಕೈಯಲ್ಲೇ ಮುನ್ನೂರು ಕಿತ್ತೆ. ಬೆರಳುಗಳ ಚರ್ಮ ಸುಲಿಯಿತು. ಕಿತ್ತದ್ದನ್ನೆಲ್ಲ ಹುಲ್ಲಿಗೆ ಎಸೆದೆ. ಬಿಸಿಲಿಗೆ ಸಾಯಲಿ, ಶನಿಗಳು.

ಜುಲೈ 9

ಸಾಯಲಿಲ್ಲ. ಬೆಳಗ್ಗೆ ಬಂದು ನೋಡಿದರೆ ಸಾಲುಗಟ್ಟಿ ಕಾಂಡ ಹತ್ತುತ್ತಿವೆ, ಚೀಲ ಎಳೆದುಕೊಂಡು, ರಜೆ ಮುಗಿಸಿ ಊರಿಗೆ ವಾಪಸಾಗುವ ಜನರ ಹಾಗೆ. ಮೈ ಪರಚಿಕೊಳ್ಳುವಂತಾಯಿತು.

ವರ್ಡಾ ಎರಡು ಬಕೆಟ್ ಹಿಡಿದುಕೊಂಡು ಗೇಟಿನೊಳಗೆ ಬಂದಳು. ಕರೆದವರು ಯಾರೂ ಇಲ್ಲ.

"ಸೋಪಿನ ನೀರು. ಕಿತ್ತು ಇದರಲ್ಲಿ ಹಾಕು. ನೆಲಕ್ಕೆ ಎಸೆದ್ರೆ ಅವುಗಳಿಗೆ ವಾಕಿಂಗ್ ಮಾಡಿಸಿದ ಹಾಗೆ."

"ನಿನ್ನ ಜುನಿಪರ್ ನೋಡ್ಕೋ ಮೊದ್ಲು. ಅಲ್ಲಿಂದ ತಾನೇ ಇವೆಲ್ಲ ಬಂದಿದ್ದು."

ಅವಳು ನೇರವಾಗಿ ಒಂಬತ್ತನೆಯ ಮರಕ್ಕೆ ಹೋಗಿ ಕೀಳಲು ಶುರು ಮಾಡಿದಳು. ಒಂದರಿಂದ ಬಾ ಎಂದೆ. ನಿನ್ನ ಬಸ್ಸಿನ ನಿಲ್ದಾಣಗಳ ಹಾಗೆ ಹುಳು ಹತ್ತಲ್ಲ ಎಂದಳು. ರಸ್ತೆಯ ಕಡೆ, ಕೈಗೆ ಎಟುಕುವಷ್ಟು ಮಾತ್ರ ಕಿತ್ತಳು. ಸಮಾಧಿಯ ಕಡೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಎರಡು ಬಕೆಟ್ ತುಂಬಿತು.

ಜುಲೈ 16

ವರ್ಡಾ ದಿನಾ ಬರುತ್ತಿದ್ದಾಳೆ. ದಿನಾ ಒಂಬತ್ತರಿಂದಲೇ ಶುರು. ಹೇಳಿ ಹೇಳಿ ಸಾಕಾಯಿತು.

ಮಧ್ಯಾಹ್ನ ಟ್ರಕ್ಕಿನಲ್ಲಿ ಕೂತು ಡಬ್ಬದ ಬೀನ್ಸ್ ತಿನ್ನುತ್ತಿದ್ದೆ, ತಣ್ಣಗಿದ್ದದ್ದು. ಅದನ್ನು ನೋಡಿ, "ನಾಯಿಗೂ ಬಿಸಿ ಮಾಡಿ ಹಾಕ್ತೀನಿ ನಾನು," ಎಂದಳು. ಟೊಮೆಟೊ ಸ್ಯಾಂಡ್‌ವಿಚ್ ಕೊಟ್ಟಳು. ಲಂಚ. ಉಪ್ಪು ಹೆಚ್ಚಾಗಿತ್ತು. ಎರಡು ತಿಂದೆ.

ಜುಲೈ 24

ಡ್ವೈಟ್‌ಗೆ ದೂರು ಬರೆದೆ. ಶೆಲರ್ ಅಂಗಳದ ಮೂರು ಜುನಿಪರ್‌ಗಳೇ ಸೋಂಕಿನ ಮೂಲ, ಅವನ್ನು ಕಡಿಸತಕ್ಕದ್ದು ಎಂದು. ಎರಡು ಪುಟ.

ಜುಲೈ 30

ಕೊರಿನ್ ಬಂದು ವರ್ಡಾಳ ಮೂರೂ ಮರಗಳನ್ನು ಏಣಿ ಹಾಕಿ ಪರೀಕ್ಷಿಸಿದಳು. ಒಂದೇ ಒಂದು ಚೀಲ ಇಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಆ ಹುಡುಗಿಗೆ ಕಣ್ಣು ಪರೀಕ್ಷೆ ಮಾಡಿಸಬೇಕು.

ವರ್ಡಾ ವರಾಂಡದಲ್ಲಿ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ನನ್ನ ಎರಡು ಪುಟದ ದೂರು ಅವಳ ಮಡಿಲಲ್ಲಿತ್ತು, ಹುರುಳಿಕಾಯಿಯ ನಾರನ್ನು ಅದರ ಮೇಲೇ ಹಾಕುತ್ತಿದ್ದಳು.

"ಅಕ್ಷರ ಚೆನ್ನಾಗಿದೆ," ಎಂದಳು. "ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೆಯ ನೊಣ ಕಾಣುತ್ತಂತೆ."

"ಏನರ್ಥ?"

"ಏನೂ ಇಲ್ಲ. ನಾಳೆ ಎಷ್ಟು ಗಂಟೆಗೆ ಬರಲಿ?"

ಏಳಕ್ಕೆ ಎಂದೆ. ಯಾಕೆ ಹಾಗೆಂದೆನೋ.

ಆಗಸ್ಟ್ 19

ಎಲ್ಲ ನಿಂತಿದೆ. ಹುಳುಗಳು ಮೇಯುವುದು ಬಿಟ್ಟು, ಚೀಲದ ಬಾಯನ್ನು ಕೊಂಬೆಗೆ ನೂಲಿನಿಂದ ಬಿಗಿದುಕೊಂಡು ಒಳಗೆ ಸೇರಿಬಿಟ್ಟಿವೆ. ಕೊರಿನ್ ಬಂದು ಇನ್ನು ಔಷಧ ದಂಡ ಎಂದಳು.

"ಗಂಡಿಗೆ ರೆಕ್ಕೆ ಬರುತ್ತೆ, ಹಾರಿ ಬರುತ್ತೆ. ಹೆಣ್ಣು ಹೊರಗೆ ಬರೋದೇ ಇಲ್ಲ. ಒಳಗೇ ಮೊಟ್ಟೆ ತುಂಬಿಕೊಂಡು ಸಾಯುತ್ತೆ. ಒಂದು ಚೀಲದಲ್ಲಿ ಐನೂರು, ಕೆಲವು ಸಲ ಸಾವಿರ. ಚಳಿಗಾಲದಲ್ಲಿ ಒಂದೊಂದನ್ನೂ ಕತ್ತರಿಸಿ ತೆಗೀಬೇಕು. ಜನ ಅದನ್ನ ಮರದ ಕಾಯಿ ಅಂದ್ಕೊಂಡು ಬಿಟ್ಟುಬಿಡ್ತಾರೆ, ಅದೇ ತೊಂದರೆ."

"ಬಾಗಿಲು ಹಾಕ್ಕೊಂಡು ಒಳಗೇ ಕೂತವರ ಗತಿ ಅದೇ," ಎಂದಳು ವರ್ಡಾ, ನನ್ನ ಕಡೆ ನೋಡಿ. ಇವಳಿಗೆ ಎಲ್ಲದರಲ್ಲೂ ನಾನೇ ಕಾಣುತ್ತೇನೆ. ನಾನು ಹೊರಗೆ ಬರುತ್ತೇನೆ. ನಿನ್ನೆ ತಾನೇ ಅವಳ ಜೊತೆ ಅಂಗಡಿಗೆ ಹೋಗಿದ್ದೆ, ಬಕೆಟ್ ತರಲು. ಮೊನ್ನೆ ಜಾತ್ರೆಯ ಹಾಗೆ ಜನ ತುಂಬಿದ ಚರ್ಚಿನ ಮೀನೂಟಕ್ಕೂ ಹೋಗಿದ್ದೆ, ಅವಳಿಗೆ ಸಂಜೆ ಗಾಡಿ ಓಡಿಸಲು ಕಣ್ಣು ಕಾಣುವುದಿಲ್ಲ ಎಂದು.

ಒಂಬತ್ತು ಕಂದು ತಿರುಗಿದೆ. ಸಮಾಧಿಯ ಕಡೆ ಪೂರ್ತಿ.

ಸೆಪ್ಟೆಂಬರ್ 1

ಡ್ವೈಟ್ ಹೇಳಿದ ದಿನಕ್ಕೆ ಬಂದ. ತಪ್ಪಿಯೂ ತಡಮಾಡಲಿಲ್ಲ, ಶಾಲೆಗೆ ಹೋಗುವಾಗ ನನ್ನ ಬಸ್ಸಿಗೆ ಮಾತ್ರ ದಿನಾ ತಡ. ಸಾಲಿನುದ್ದಕ್ಕೂ ನಡೆದ. ಹನ್ನೆರಡು ಮರ ಹಸಿರಾಗಿವೆ. ಎಂಟು, ಹತ್ತರ ಒಂದೊಂದು ಪಕ್ಕ ಸ್ವಲ್ಪ ಬೋಳಾಗಿದೆ, ನಡೆಯುತ್ತದೆ ಎಂದ. ಲೆಕ್ಕ ತಪ್ಪು, ಹದಿಮೂರು ಹಸಿರು ಎಂದು ನಾನು ತಿದ್ದಿದೆ. ಒಂಬತ್ತರ ಮುಂದೆ ಟೋಪಿ ತೆಗೆದು ನಿಂತ.

"ಸಾಲು ಉಳೀತು ಹಾರ್ಲನ್ ಅವ್ರೇ. ಬೇಲಿ ಹಾಕಿಸಲ್ಲ. ಇದೊಂದು ಮಾತ್ರ..."

"ರಸ್ತೆ ಕಡೆ ಇನ್ನೂ ಹಸಿರಿದೆ."

"ಒಂದು ಮೊಳ ಇದೆ."

"ಒಂದು ಮೊಳ ಹಸಿರು ಹಸಿರಲ್ವಾ?"

ಟೋಪಿಯನ್ನು ತಿರುಗಿಸುತ್ತಾ ನಿಂತ. "ಅಕ್ಟೋಬರ್ ಕೊನೆವರೆಗೂ ಟೈಮ್ ತಗೊಳ್ಳಿ. ನಾನು ಜನ ಕಳಿಸಲ್ಲ. ನೀವೇ ಹೇಳಿ," ಎಂದ. ಗಮ್ ಅಂಟಿಸುತ್ತಿದ್ದ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು.

ಅಕ್ಟೋಬರ್ 11

ಇವತ್ತು ಒಂಬತ್ತರ ಚೀಲಗಳನ್ನು ಕತ್ತರಿಸಿ ತೆಗೆಯಲೇಬೇಕಾಯಿತು. ಬಿಟ್ಟರೆ ಬೇಸಿಗೆಗೆ ಮತ್ತೆ ಸಾವಿರ ಸಾವಿರ. ಸಮಾಧಿಯ ಕಡೆ ಏಣಿ ಹಾಕಿದೆ. ಡಿಸೆಂಬರಿನಲ್ಲಿ ಹೆಂಡತಿ ನಡೀನ್‌ಳನ್ನು ಮಣ್ಣು ಮಾಡಿದ ಮೇಲೆ ಆ ಕಡೆ ಏಣಿಯ ಮೇಲಿರಲಿ, ನೆಲದ ಮೇಲೆ ನಿಂತೂ ಸರಿಯಾಗಿ ನೋಡಿರಲಿಲ್ಲ.

ಮೇಲಿನ ಕೊಂಬೆಗೆ ಕೈ ಹಾಕಬೇಕಾದರೆ ಹಾರವನ್ನು ಪಕ್ಕಕ್ಕೆ ಸರಿಸಬೇಕಿತ್ತು. ಸರಿಸಿದೆ. ಎಡಗೈಯಲ್ಲಿ ಹಾರ, ಬಲಗೈಯಲ್ಲಿ ಆಗತಾನೇ ಕತ್ತರಿಸಿದ ಒಂದು ಚೀಲ. ಎರಡನ್ನೂ ನೋಡಿದೆ. ಮತ್ತೆ ನೋಡಿದೆ.

ಹಾರದಲ್ಲಿ ರಿಬ್ಬನ್ನಿನ ಸುತ್ತ ನಡೀನ್ ಕಟ್ಟಿದ ಪುಟ್ಟ ಕಂದು ಕಾಯಿಗಳು ಕಾಯಿಗಳಲ್ಲ.

ಹನ್ನೊಂದು. ಎಣಿಸಿದೆ. ಏಣಿಯ ಮೇಲೇ ಕೂತು ಒಂದನ್ನು ಚಾಕುವಿನಿಂದ ಸೀಳಿದೆ. ಒಳಗೆ ಹಳದಿ ಹೊಟ್ಟು, ಒಡೆದ ಮೊಟ್ಟೆಯ ಸಿಪ್ಪೆ, ಬೇರೇನೂ ಇಲ್ಲ. ಎಲ್ಲ ಮೇ ತಿಂಗಳಲ್ಲೇ ಹೊರಟುಹೋಗಿವೆ, ಮೊದಲು ಇದೇ ಮರಕ್ಕೆ, ಆಮೇಲೆ ಎರಡೂ ಪಕ್ಕಕ್ಕೆ.

ಆ ಹಾರಕ್ಕೆ ಕೊಂಬೆ ಕಡಿದು ತಂದವನು ನಾನು. ಮುಚ್ಚಿಹೋದ ಪೆಟ್ರೋಲ್ ಬಂಕಿನ ಹಿಂದಿನ ಜುನಿಪರ್ ಪೊದೆಯಿಂದ. ನಡೀನ್ ಕಂಬಳಿ ಹೊದ್ದು ಕಾರಿನಲ್ಲಿ ಕೂತಿದ್ದಳು, ಇಳಿಯುವ ಶಕ್ತಿ ಇರಲಿಲ್ಲ. ಕಿಟಕಿಯ ಗಾಜು ಇಳಿಸಿ, "ಅದಲ್ಲ ಹಾರ್ಲನ್, ಪುಟ್ಟ ಕಾಯಿ ಇರೋದು. ನೋಡು ಎಷ್ಟು ಮುದ್ದಾಗಿವೆ," ಎಂದಳು. ಮೂವತ್ತು ವರ್ಷ ಊರಿನ ಅರ್ಧ ಬಾಗಿಲುಗಳಿಗೆ ಹಾರ ಕಟ್ಟಿದವಳು. ಅದು ಕೊನೆಯದೆಂದು ಇಬ್ಬರಿಗೂ ಗೊತ್ತಿತ್ತು. ಚಳಿಗೆ ಬೈದುಕೊಂಡು ಕಡಿದೆ. ಕಿಟಕಿ ಮುಚ್ಚು ಎಂದು ಅವಳಿಗೂ ಬೈದೆ. ಒಂಬತ್ತು ದಿನಕ್ಕೆ ಹೋದಳು.

ಬೇಸಿಗೆಯೆಲ್ಲ ನಾನು ವರ್ಡಾಳ ಮರಗಳನ್ನು ಬೈದುಕೊಂಡು ತಿರುಗಿದೆ.

ಅಕ್ಟೋಬರ್ 12

ಬೆಳಗ್ಗೆ ಏಳಕ್ಕೆ ವರ್ಡಾ ಬಂದಳು, ಬಕೆಟ್ ಹಿಡಿದು. ಹಾರ ಟ್ರಕ್ಕಿನ ಮೇಲಿತ್ತು. ಅದನ್ನು ನೋಡಿದಳು, ಬಕೆಟ್ ಕೆಳಗಿಟ್ಟಳು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದೆ.

"ಕೊರಿನ್ ಬಂದು ಹೋದ ದಿನ ಸಂಜೆ. ಹಳೇ ಚೀಲ ಹತ್ತಿರದಲ್ಲೇ ಎಲ್ಲೋ ಇದೆ ಅಂತ ಅವಳು ಹೇಳಿದ್ದು ಬೇಲಿ ಆಚೆ ಕೇಳಿಸ್ತು. ಬಂದು ನೋಡ್ದೆ."

"ಜೂನ್ ಆರನೇ ತಾರೀಖು! ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿದ್ಯಾ? ನೀನು?"

"ಏನಂತ ಹೇಳ್ಲಿ? ನಡೀನ್ ಕಟ್ಟಿದ ಹಾರ ತೆಗಿ ಅಂತಲಾ? ನೀನು ದಿನಾ ಬೆಳಗ್ಗೆ ಗೇಟು ತೆಗೆದು ಮೊದ್ಲು ಅದು ಇದೆಯೋ ಇಲ್ವೋ ಅಂತ ನೋಡ್ತಿದ್ದೆ. ನಮ್ಮ ಅಡುಗೆಮನೆ ಕಿಟಕಿಗೆ ಕಾಣುತ್ತೆ ಮಾರಾಯ."

"ನಿನ್ನ ಮರ ಕಡಿಸೋಕೆ ನಾನು ಎರಡು ಪುಟ ಬರೆದೆ."

"ಹೂಂ. ಒಂದು ತಪ್ಪಿಲ್ಲದೆ ಬರ್ದಿದ್ದೆ."

"ಮರ ಕಡಿಸಿದ್ರೆ?"

"ಕಡಿಸಿದ್ರೆ ನಿನ್ನ ಕಾಲು ಮುರೀತಿದ್ದೆ," ಎಂದಳು. "ಆದ್ರೂ ಹೇಳ್ತಿರಲಿಲ್ಲ."

ಆಮೇಲೆ ಇಬ್ಬರೂ ಟ್ರಕ್ಕಿನ ಹಿಂದೆ ಕೂತೆವು. ಒಳಗಿನ ಮೊಟ್ಟೆ ಆಗಲೇ ಒಡೆದಿವೆ, ಚೀಲ ಖಾಲಿ, ಇನ್ನು ಈ ಹಾರದಿಂದ ಯಾವ ಅಪಾಯವೂ ಇಲ್ಲ, ಬೇಕಿದ್ದರೆ ಮನೆಯಲ್ಲಿಟ್ಟುಕೋ ಎಂದಳು. ಇಟ್ಟುಕೊಳ್ಳಬಹುದಿತ್ತು. ಹಾರವನ್ನು ಹಿತ್ತಲಿನ ಪೀಪಾಯಿಯಲ್ಲಿ ಸುಟ್ಟೆ. ರಿಬ್ಬನ್ ಬಿಚ್ಚಿಟ್ಟುಕೊಂಡೆ. ಅತ್ತೆ. ಹೊಗೆಗೆ ಅಲ್ಲ.

ವರ್ಡಾಳ ಕ್ಷಮೆ ಕೇಳಲು ಮರೆತೆ. ನಾಳೆ ಕೇಳಬೇಕು.

ಅಕ್ಟೋಬರ್ 30

ಒಂಬತ್ತನ್ನು ನಾನೇ ಕಡಿದೆ. ಡ್ವೈಟ್ ಜನ ಕಳಿಸುತ್ತೇನೆಂದ, ಬೇಡವೆಂದೆ. ಅವನೇ ಬಂದು, ಟೈ ತೆಗೆದಿಟ್ಟು, ಕೊಂಬೆಗಳನ್ನು ಎಳೆದು ಹಾಕಿದ. ಹುಡುಗ ಕೆಟ್ಟವನಲ್ಲ.

ಮರ ಬಿದ್ದ ಮೇಲೆ ಬಿಸಿಲು ನೇರವಾಗಿ ನಡೀನ್‌ಳ ಕಲ್ಲಿನ ಮೇಲೆ ಬಿತ್ತು. ನೆರಳಿಗೆ ಜವಾಬ್ದಾರ ಎಂದಿದ್ದೆ. ಅವಳ ಹಾರ ಉಳಿಸಿಕೊಳ್ಳಲು ಹೋಗಿ ಅವಳ ಮರ ಕಳೆದೆ.

ನವೆಂಬರ್ 8

ವರ್ಡಾ ತಳ್ಳುಗಾಡಿಯಲ್ಲಿ ಒಂದು ಸಸಿ ತಂದಳು, ಬೇರಿನ ಮಣ್ಣಿನ ಸಮೇತ. ಅವಳ ಹಿತ್ತಲಿನ ಪರ್ಸಿಮನ್ ಮರದ ಕೆಳಗೆ ತಾನಾಗಿ ಹುಟ್ಟಿದ್ದು.

"ಆಗಲ್ಲ," ಎಂದೆ. "ನಿಯಮ ಆರು. ಹಣ್ಣಿನ ಮರ ನೆಡೋ ಹಾಗಿಲ್ಲ. ಹಣ್ಣು ಕಲ್ಲುಗಳ ಮೇಲೆ ಬಿದ್ದು ರಾಡಿಯಾಗುತ್ತೆ."

"ಹಣ್ಣು ಬಿಡೋಕೆ ಎಂಟು ವರ್ಷ ಬೇಕು. ಅಷ್ಟರಲ್ಲಿ ನೀನೂ ಇದರ ಕೆಳಗೇ ಇರ್ತೀಯ. ನಿಂಗೇನು ಚಿಂತೆ?"

ಕೊರಿನ್‌ಗೆ ಫೋನು ಮಾಡಿದೆ. ಹುಳು ಇದನ್ನೂ ತಿನ್ನುತ್ತದಂತೆ, ಆದರೆ ಇದು ಎಲೆ ಉದುರಿಸುವ ಮರ. ಬೋಳಾದರೂ ಮತ್ತೆ ಚಿಗುರುತ್ತದಂತೆ.

ಒಂಬತ್ತರ ಜಾಗದಲ್ಲೇ ನೆಟ್ಟೆವು. ಸಸಿ ಮೊಣಕಾಲೆತ್ತರ. ನೆರಳು ಒಂದು ಅಂಗೈಯಷ್ಟು. ಗಾಳಿಗೆ ಬಾಗುತ್ತಿತ್ತು, ಆಸರೆಗೆ ಒಂದು ಕೋಲು ನೆಟ್ಟು ಕಟ್ಟಬೇಕಿತ್ತು. ಹಗ್ಗ ತಂದಿರಲಿಲ್ಲ. ಜೇಬಿನಲ್ಲಿ ರಿಬ್ಬನ್ ಇತ್ತು.

ನವೆಂಬರ್ 27

ವರ್ಡಾಳ ಮನೆಯಲ್ಲಿ ಹಬ್ಬದೂಟ. ಪರ್ಸಿಮನ್ ಪುಡಿಂಗ್ ಮಾಡಿದ್ದಳು, ತಳ ಹಿಡಿದಿತ್ತು. ಹೇಳಿದೆ. ಹಾಗಿದ್ದರೆ ತಿನ್ನಬೇಡ ಎಂದಳು. ಮೂರು ಸಲ ಹಾಕಿಸಿಕೊಂಡೆ, ಚೆಲ್ಲಬಾರದೆಂದು.

ಕ್ಷಮೆ ಕೇಳಿದೆ, ತಟ್ಟೆ ತೊಳೆಯುವಾಗ. ಅವಳು ಒರೆಸುವ ಬಟ್ಟೆಯನ್ನು ನನ್ನ ಹೆಗಲ ಮೇಲೆ ಎಸೆದು, "ಲೋಟ ಕೂಡ ತೊಳಿ," ಎಂದಳು.

ಮಾರ್ಚ್ 1

ನಿಯಮ ಮೂರರ ದಿನ. ಒಂಬತ್ತು ಮೂಟೆ ಕಸ. ಅದೇ ಜಿಂಕೆ, ಈ ವರ್ಷವೂ ಮಿನುಗುತ್ತಿದೆ. ಈ ಊರಿಗೆ ಓದು ಬರುವುದಿಲ್ಲ. ಈ ಸಲ ಪ್ರತಿಯೊಂದು ಹಾರವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಮೂರರಲ್ಲಿ ಚೀಲಗಳಿದ್ದವು, ಚಂದಕ್ಕೆ ಕಟ್ಟಿದ್ದರು. ಸೋಪಿನ ನೀರಿಗೆ ಹಾಕಿದೆ. ಆ ಮೂರು ಮನೆಗೂ ಹೋಗಿ ಹೇಳಿ ಬಂದೆ, ಬಾಗಿಲಿನ ಹಾರವನ್ನೂ ನೋಡಿ ಎಂದು. ಒಬ್ಬಳು ಅತ್ತಳು, ಅವಳ ತಾಯಿ ಕಟ್ಟಿದ್ದಂತೆ. ಅಲ್ಲೇ ಕೂತು ಕಾಫಿ ಕುಡಿದೆ. ಅದಕ್ಕೇ ತಡವಾಯಿತು.

ಕೊಟ್ಟಿಗೆ ಗುಡಿಸುವಾಗ ಗಸ್‌ನ ತಗಡಿನ ಬಾತುಕೋಳಿ ಸಿಕ್ಕಿತು. ಹೋದ ವರ್ಷ ಎಸೆಯಲು ಮರೆತಿದ್ದೆ. ರೆಕ್ಕೆಗೆ ಎಣ್ಣೆ ಬಿಟ್ಟು ಅವನ ಕಲ್ಲಿನ ಪಕ್ಕ ನೆಟ್ಟೆ. ಎಣ್ಣೆ ಬಿಟ್ಟರೂ ಕಿರ್ರೋ ಎನ್ನುತ್ತದೆ, ದರಿದ್ರದ್ದು. ವರ್ಡಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಹೊರಗೆ ಬರಲಿಲ್ಲ.

ಪರ್ಸಿಮನ್ ಸಸಿ ಬದುಕಿದೆ. ತುದಿಯಲ್ಲಿ ಎರಡು ಮೊಗ್ಗು ಉಬ್ಬಿವೆ. ರಿಬ್ಬನ್ ಬಿಸಿಲಿಗೆ ಬಿಳಿಚಿಕೊಂಡಿದೆ, ಕಾಂಡಕ್ಕೆ ಬಿಗಿಯೂ ಆಗಿತ್ತು. ಬಿಚ್ಚಿದೆ. ಕೋಲಿಲ್ಲದೆಯೂ ಗಿಡ ನಿಂತಿತು.

ಸಂಜೆ ಗೇಟಿನ ಫಲಕ ಇಳಿಸಿ ಐದನೆಯ ನಿಯಮದ ಮೇಲೆ ಬಿಳಿ ಬಣ್ಣ ಬಳಿದೆ. ಬಣ್ಣ ಉಳಿದಿತ್ತು, ಆರರ ಮೇಲೂ ಬಳಿದೆ.

ಮೂರನ್ನು ಮುಟ್ಟಲಿಲ್ಲ. ಅದು ಸರಿಯಾದ ನಿಯಮ. ಹೋದ ವರ್ಷ ಹಾರ ತೆಗೆಯಲು ತಡಮಾಡಿದವನು ನಾನು.